ಶಿವಾರಪಟ್ಟಣ: ಕಲ್ಲು ಹೊರಗಿನದು, ಕೈ ಊರಿನದು

ಎಲ್ಲಿದೆ ಈ ಊರು

ಶಿವಾರಪಟ್ಟಣ ಇರುವುದು ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ, ಬೆಂಗಳೂರಿನಿಂದ ಪೂರ್ವಕ್ಕೆ ಸುಮಾರು 60 ಕಿ.ಮೀ. ದೂರದಲ್ಲಿ. ಹೊಸಕೋಟೆ ದಾಟಿ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ನರಸಾಪುರದವರೆಗೆ ಹೋಗಿ, ಅಲ್ಲಿ ಬಲಕ್ಕೆ ತಿರುಗಿಕೊಂಡರೆ ಊರಿನ ದಾರಿ ಸಿಗುತ್ತದೆ. ಇದು ಕೋಲಾರ, ಮಾಲೂರು, ಟೇಕಲ್ ಮೂರಕ್ಕೂ ಹತ್ತಿರ. ಮಾಲೂರು ಮತ್ತು ಟೇಕಲ್ ಬೆಂಗಳೂರು–ಜೋಲಾರಪೇಟೆ ರೈಲು ಮಾರ್ಗದ ನಿಲ್ದಾಣಗಳಾದ್ದರಿಂದ ರೈಲಿನಲ್ಲೂ ಬರಬಹುದು. ಆ ಮಾರ್ಗ 1864ರಲ್ಲಿ ಬೆಂಗಳೂರು ದಂಡು ಪ್ರದೇಶವನ್ನು ಮದ್ರಾಸಿನ ಕಡೆಗೆ ಜೋಡಿಸಿತು.

ಊರಿನೊಳಗೆ ಹೋಗುತ್ತಿದ್ದಂತೆ ಶೆಡ್ಡುಗಳ ಮುಂದೆ ದೇವರುಗಳು ಸಾಲುಗಟ್ಟಿ ನಿಂತಿರುತ್ತಾರೆ. ಸೊಂಡಿಲು ಮೂಡಿ ಕಿವಿ ಇನ್ನೂ ಬಿಡಿಸದ ಗಣಪತಿ, ಬಿಳಿ ದೂಳು ಮೆತ್ತಿಕೊಂಡ ನಂದಿ, ಪ್ರಭಾವಳಿ ಮಾತ್ರ ಮುಗಿದ ವೆಂಕಟರಮಣ, ಯಾವುದೋ ಊರಿನ ಗ್ರಾಮದೇವತೆ. ದೂಳು ಹಿಡಿದ ಪಂಚೆ, ಮೊಣಕಾಲಿನವರೆಗೆ ಮಡಚಿದ ಪ್ಯಾಂಟು, ಮೂಗಿಗೆ ಕಟ್ಟಿದ ಟವಲು: ಇಲ್ಲಿ ಕೆಲಸದವರ ಸಮವಸ್ತ್ರ ಇಷ್ಟೇ. ಮಾಲೂರು ಎಂದರೆ ಹೆಂಚು ಮತ್ತು ಇಟ್ಟಿಗೆ, ಮಾಸ್ತಿ ಎಂದರೆ ಮಾಸ್ತಿ ವೆಂಕಟೇಶ ಅಯ್ಯಂಗಾರ್, ಚಿಕ್ಕತಿರುಪತಿ ಎಂದರೆ ವೆಂಕಟರಮಣನ ಗುಡಿ. ಅದೇ ತಾಲ್ಲೂಕಿನ ಶಿವಾರಪಟ್ಟಣ ಎಂದರೆ ವಿಗ್ರಹ.

ನೆಲ ಮತ್ತು ಕಲ್ಲು

ಕೋಲಾರದ ನೆಲ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿ. ಮೇಲೆ ತೆಳುವಾದ ಕೆಂಪುಮಣ್ಣು, ಕೆಳಗೆ ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯ ಗಟ್ಟಿ ಬಂಡೆ. ಭೂವಿಜ್ಞಾನಿಗಳು ಇದನ್ನು ಪರ್ಯಾಯ ದ್ವೀಪದ ನೈಸ್ ಶಿಲೆ ಎನ್ನುತ್ತಾರೆ. ಅದರೊಳಗೆ ಅಲ್ಲಲ್ಲಿ ಗ್ರಾನೈಟು ನುಗ್ಗಿದೆ. ಟೇಕಲ್ ಕಡೆ ರೈಲಿನ ಕಿಟಕಿಯಲ್ಲಿ ಕಾಣುವ ಗುಂಡುಗುಂಡು ಬಂಡೆಗಳ ಗುಡ್ಡಗಳು ಇದೇ ಜಾತಿಯವು. ಪೂರ್ವಕ್ಕೆ ಹೋದರೆ ಉತ್ತರ–ದಕ್ಷಿಣವಾಗಿ ಸುಮಾರು 80 ಕಿ.ಮೀ. ಉದ್ದಕ್ಕೆ ಕಪ್ಪು ಶಿಲೆಯ ಕಿರಿದಾದ ಪಟ್ಟಿಯೊಂದು ಹಾದುಹೋಗುತ್ತದೆ. ಕೆ.ಜಿ.ಎಫ್.ನ ಚಿನ್ನ ಸಿಕ್ಕಿದ್ದು ಆ ಪಟ್ಟಿಯಲ್ಲಿ. ಜಾನ್ ಟೇಲರ್ ಕಂಪನಿ 1880ರ ಹೊತ್ತಿಗೆ ಅಲ್ಲಿ ಗಣಿ ಕೆಲಸಕ್ಕೆ ಇಳಿಯಿತು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು.

ಇಷ್ಟೆಲ್ಲ ಹೇಳಲು ಕಾರಣವಿದೆ. ಸುತ್ತ ಇಷ್ಟು ಬಂಡೆ ಇರುವುದರಿಂದಲೇ ಇಲ್ಲಿ ಶಿಲ್ಪಿಗಳು ಹುಟ್ಟಿಕೊಂಡರು ಎಂದು ಹೊರಗಿನವರು ಸುಲಭವಾಗಿ ಅಂದುಕೊಳ್ಳುತ್ತಾರೆ. ಆದರೆ ಈ ಸೀಮೆಯ ಗಟ್ಟಿ ಕಲ್ಲು ಚಪ್ಪಡಿಗೆ, ಕಂಬಕ್ಕೆ, ಒರಳಿಗೆ, ಮನೆಯ ತಳಪಾಯಕ್ಕೆ ಹೇಳಿ ಮಾಡಿಸಿದ್ದು. ವಿಗ್ರಹದ ಕೈಬೆರಳು, ಕಿರೀಟದ ಹೂಬಳ್ಳಿ, ಕೊರಳಿನ ಹಾರದ ಮಣಿ ಬಿಡಿಸಬೇಕಾದರೆ ಕಣ ನುಣ್ಣಗಿರುವ, ಉಳಿಗೆ ಬಗ್ಗುವ ಕಲ್ಲು ಬೇಕು. ಇಲ್ಲಿನ ಶೆಡ್ಡುಗಳಲ್ಲಿ ಈಗ ಹೆಚ್ಚು ಕಾಣುವ ಕೃಷ್ಣಶಿಲೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಕಡೆಯಿಂದ ಲಾರಿಯಲ್ಲಿ ಬರುತ್ತದೆ. 2024ರ ಜನವರಿ 22ರಂದು ಅಯೋಧ್ಯೆಯಲ್ಲಿ ಪ್ರತಿಷ್ಠೆಯಾದ, ಮೈಸೂರಿನ ಅರುಣ್ ಯೋಗಿರಾಜ್ ಕೆತ್ತಿದ ಬಾಲರಾಮನ ವಿಗ್ರಹದ ಕಲ್ಲೂ ಮೈಸೂರು ಸೀಮೆಯ ಕೃಷ್ಣಶಿಲೆಯೇ. ಅದಾದ ಮೇಲೆ ಕೃಷ್ಣಶಿಲೆಯ ಹೆಸರು ಗೊತ್ತಿಲ್ಲದವರು ಕಡಿಮೆ.

ಹಾಗಾಗಿ ಶಿವಾರಪಟ್ಟಣವನ್ನು ಕಲ್ಲಿನ ಊರು ಎನ್ನುವುದಕ್ಕಿಂತ ಕಲ್ಲುಕೆಲಸದ ಊರು ಎನ್ನುವುದೇ ಸರಿ. ಕೆಲಸ ಬಲ್ಲ ಮನೆತನಗಳು ಇಲ್ಲಿ ಬೇರು ಬಿಟ್ಟವು. ಕಲ್ಲೂ ಗಿರಾಕಿಯೂ ಅವರನ್ನು ಹುಡುಕಿಕೊಂಡು ಬಂದವು.

ಕಲ್ಲಿನ ಕೆಲಸದಲ್ಲೂ ಎರಡು ಕುಲಕಸುಬುಗಳಿವೆ. ಬಂಡೆಗೆ ಬೆಂಕಿಯಿಟ್ಟು, ಬೆಣೆ ಹೊಡೆದು, ಈಗ ಸಿಡಿಮದ್ದು ಇಟ್ಟು ಸೀಳುವ ಕೆಲಸ ಹೆಚ್ಚಾಗಿ ಭೋವಿಗಳದು. ಕೆರೆ ತೋಡಿದವರೂ ಏರಿ ಕಟ್ಟಿದವರೂ ಅವರ ಹಿರಿಯರೇ. ಸೀಳಿದ ಕಲ್ಲಿಗೆ ರೂಪ ಕೊಡುವ ಕೆಲಸ ವಿಶ್ವಕರ್ಮರದು. ಗುಡಿಯ ಕಟ್ಟೆಯ ಮೇಲೆ ಶಿಲ್ಪಿಯ ಹೆಸರು ಒಮ್ಮೊಮ್ಮೆ ಕಾಣುತ್ತದೆ. ಬಂಡೆ ಸೀಳಿದವನ ಹೆಸರು ಎಲ್ಲೂ ಕಾಣುವುದಿಲ್ಲ.

ನೀರು, ಬೆಳೆ

ಮಳೆ ವರ್ಷಕ್ಕೆ 700 ಮಿ.ಮೀ. ಆಸುಪಾಸು, ಅದೂ ನಂಬಿಕೆಯಿಲ್ಲದ್ದು. ವರ್ಷವಿಡೀ ಹರಿಯುವ ನದಿ ಇಲ್ಲ. ನಂದಿ ಬೆಟ್ಟದ ಸುತ್ತಿನ ಎತ್ತರದಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆ ಮುಟ್ಟಿ, ಮಾಲೂರಿನ ಪಶ್ಚಿಮಕ್ಕೆ ಹಾದು ಹೊಸೂರಿನ ಕಡೆ ಇಳಿಯುತ್ತದೆ. ಪಾಲಾರ್ ಬೇತಮಂಗಲದ ಮೂಲಕ ತಮಿಳುನಾಡಿಗೆ ಹೋಗುತ್ತದೆ. ಎರಡೂ ಬಹುಪಾಲು ಮರಳಿನ ಹಾಸು. ಸಾಲದ್ದಕ್ಕೆ 1892ರಲ್ಲಿ ಮೈಸೂರು ಸಂಸ್ಥಾನ ಮತ್ತು ಮದ್ರಾಸ್ ಸರ್ಕಾರದ ನಡುವೆ ಆದ ಒಪ್ಪಂದ ಈ ನದಿಗಳ ಮೇಲೆ ಮದ್ರಾಸಿನ ಒಪ್ಪಿಗೆಯಿಲ್ಲದೆ ಹೊಸ ಕಾಮಗಾರಿ ಮಾಡದಂತೆ ಮೈಸೂರಿನ ಕೈ ಕಟ್ಟಿತು. ಕೋಲಾರದವರಿಗೆ ಉಳಿದದ್ದು ಕೆರೆ. ಒಂದರ ಕೋಡಿ ಇನ್ನೊಂದರ ಅಂಗಳಕ್ಕೆ ಬೀಳುವ ಹಾಗೆ ಸರಪಳಿಯಾಗಿ ಕಟ್ಟಿದ ಸಾವಿರಾರು ಕೆರೆಗಳು, ಅವುಗಳಿಗೆ ತೂಬು, ಅಚ್ಚುಕಟ್ಟು, ನೀರು ಬಿಡಲು ನೀರುಗಂಟಿ.

ಹೊಲದಲ್ಲಿ ರಾಗಿ ಮೊದಲು. ಅದರ ಸಾಲಿನ ನಡುವೆ ಅವರೆ, ಸಾಸಿವೆ, ಜೋಳ. ಮಳೆ ತಡವಾದರೆ ಹುರುಳಿ. ನೀರಿದ್ದವರಿಗೆ ಟೊಮೆಟೊ, ಆಲೂಗಡ್ಡೆ, ಹೂವು, ಹಿಪ್ಪುನೇರಳೆ. ಬೋರ್‌ವೆಲ್ ಸಾವಿರ ಅಡಿ ದಾಟಿ ವರ್ಷಗಳೇ ಆದವು. ಬೇಸಾಯಕ್ಕೆ ಬೇಸತ್ತವರು ನೀಲಗಿರಿ ನೆಟ್ಟು ಸುಮ್ಮನಾದರು. ಅಂತರ್ಜಲ ಇನ್ನೂ ಕುಸಿದ ಮೇಲೆ, 2017ರಲ್ಲಿ, ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. 2018ರ ಜೂನ್‌ನಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಸಂಸ್ಕರಿಸಿದ ಬೆಂಗಳೂರಿನ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ಆ ನೀರನ್ನು ಮೊದಲು ಕಂಡದ್ದು ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆ. ಎರಡೇ ಹಂತ ಸಂಸ್ಕರಿಸಿದ ನೀರು ಸಾಕೇ, ಮೂರನೆಯ ಹಂತ ಬೇಡವೇ ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಗಿಬಂದಿತು. ಒಣಗಿದ ಕೆರೆಯಲ್ಲಿ ನೀರು ಕಂಡ ಸಂತೋಷ, ಅದು ಎಂಥ ನೀರು ಎಂಬ ಅಳುಕು, ಎರಡೂ ಈ ಸೀಮೆಯಲ್ಲಿ ಒಂದೇ ಬಾಯಲ್ಲಿ ಬರುತ್ತವೆ.

ಬೇಸಾಯ ಇಷ್ಟು ಅನಿಶ್ಚಿತವಾದ ನೆಲದಲ್ಲಿ ಉಳಿಯ ಕಸುಬು ಬಾಳಿದ್ದರಲ್ಲಿ ಆಶ್ಚರ್ಯವಿಲ್ಲ. ಮಳೆ ಕೈಕೊಟ್ಟ ವರ್ಷವೂ ಯಾವುದೋ ಊರಿನಲ್ಲಿ ಗುಡಿಯ ಜೀರ್ಣೋದ್ಧಾರ ನಡೆಯುತ್ತಿರುತ್ತದೆ.

ಗಂಗರಿಂದ ಒಡೆಯರವರೆಗೆ

ಇಂಗ್ಲೆಂಡಿನ ಹಳ್ಳಿಗಳ ಇತಿಹಾಸ ಬರೆಯುವವರು ಸಾಮಾನ್ಯವಾಗಿ 1086ರ ಡೂಮ್ಸ್‌ಡೇ ಪುಸ್ತಕದಿಂದ ಶುರುಮಾಡುತ್ತಾರೆ. ಎಷ್ಟು ನೇಗಿಲು, ಎಷ್ಟು ಗಿರಣಿ ಎಂದು ರಾಜ ಬರೆಸಿದ ಕಂದಾಯದ ಲೆಕ್ಕ ಅದು. ನಮ್ಮಲ್ಲಿ ಆ ಕೆಲಸ ಮಾಡುವುದು ಕಲ್ಲಿನ ಶಾಸನಗಳು. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯದು. ಮಾಲೂರು ತಾಲ್ಲೂಕಿನ ಶಾಸನಗಳೂ ಅದರಲ್ಲಿವೆ. ಯಾವ ಕೆರೆಗೆ ಯಾರು ತೂಬು ಇಡಿಸಿದರು, ಯಾರು ದನ ಕಾಯುತ್ತ ಸತ್ತರು, ಯಾವ ದೇವರ ನಂದಾದೀಪಕ್ಕೆ ಎಷ್ಟು ಗದ್ದೆ ಬಿಟ್ಟರು ಎಂಬ ಲೆಕ್ಕ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಸಿಗುತ್ತದೆ.

ಕೋಲಾರ ಆಗ ಕುವಲಾಲ. ನಾಲ್ಕನೆಯ ಶತಮಾನದಲ್ಲಿ ಗಂಗರು ರಾಜ್ಯ ಕಟ್ಟಿದ್ದು ಇಲ್ಲಿಂದ. ಮುಂದೆ ತಲಕಾಡಿಗೆ ರಾಜಧಾನಿ ಹೋದರೂ ಕುವಲಾಲಪುರದ ಒಡೆಯರು ಎಂಬ ಬಿರುದನ್ನು ಅವರು ಬಿಡಲಿಲ್ಲ. ಶಿವಾರಪಟ್ಟಣದ ಹೆಸರನ್ನೂ ಊರಿನವರು ಗಂಗ ದೊರೆ ಶಿವಮಾರನಿಗೆ ಜೋಡಿಸುತ್ತಾರೆ. ಆ ಹೆಸರಿನ ದೊರೆಗಳು ಇಬ್ಬರು: ಒಬ್ಬ ಏಳನೆಯ ಶತಮಾನದ ಕೊನೆಯಲ್ಲಿ ಪಟ್ಟಕ್ಕೆ ಬಂದವನು, ಇನ್ನೊಬ್ಬ ಎಂಟನೆಯ ಶತಮಾನದ ಕೊನೆಯವನು. ಎರಡನೆಯವನು ರಾಷ್ಟ್ರಕೂಟರ ಸೆರೆಯಲ್ಲಿ ವರ್ಷಗಳನ್ನು ಕಳೆದ. ಆನೆಗಳ ಬಗ್ಗೆ ಗಜಾಷ್ಟಕ ಬರೆದವನೂ ಅವನೇ ಎನ್ನುತ್ತಾರೆ.

ಹನ್ನೊಂದನೆಯ ಶತಮಾನದ ಆರಂಭಕ್ಕೆ ಸೀಮೆ ಚೋಳರ ಕೈಗೆ ಬಂತು. ಕೋಲಾರಮ್ಮನ ಗುಡಿಯ ತಮಿಳು ಶಾಸನಗಳು ಆ ಕಾಲದವು. ಸುಮಾರು 1116ರ ಹೊತ್ತಿಗೆ ಹೊಯ್ಸಳ ವಿಷ್ಣುವರ್ಧನ ಚೋಳರನ್ನು ಇಲ್ಲಿಂದ ಹೊರಗೆ ದೂಡಿದ. ವಿಜಯನಗರದ ಕಾಲದಲ್ಲಿ ಮುಳಬಾಗಿಲು ದೊಡ್ಡ ಆಡಳಿತ ಕೇಂದ್ರ. ನೆರೆಯ ಟೇಕಲ್ಲಿನಲ್ಲಿ ಹದಿನೈದನೆಯ ಶತಮಾನದಲ್ಲಿ ಸಾಳುವ ನಾಯಕರಿದ್ದರು. ಆಮೇಲೆ ಸುಗಟೂರಿನ ಪಾಳೆಯಗಾರರು, ಬಿಜಾಪುರದವರು, ಶಹಾಜಿಯ ಜಹಗೀರು, ಮೊಗಲರ ಶಿರಾ ಸುಬೆ. ಕೋಲಾರದ ಫೌಜುದಾರನಾಗಿದ್ದ ಫತೇ ಮಹಮದನ ಮಗ ಹೈದರಾಲಿ. ಹುಟ್ಟಿದ್ದು ಈಗಿನ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ಮೈಸೂರು ಯುದ್ಧಗಳಲ್ಲಿ ಕೋಲಾರ 1768ರಲ್ಲೊಮ್ಮೆ, 1791ರಲ್ಲೊಮ್ಮೆ ಇಂಗ್ಲಿಷರ ಕೈಗೆ ಹೋಗಿ ಹಿಂದಿರುಗಿತು. 1876–78ರ ಬರಗಾಲ ಮೈಸೂರು ಸಂಸ್ಥಾನದ ಸುಮಾರು ಐದನೆಯ ಒಂದು ಪಾಲು ಜನರನ್ನು ಕೊಂದಿತು. ಕೋಲಾರ ಸೀಮೆ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಒಂದು.

ಈ ಪಟ್ಟಿಯನ್ನು ಇಷ್ಟು ಅವಸರದಲ್ಲಿ ಹೇಳಿ ಮುಗಿಸಿದ್ದು ಬೇಕೆಂದೇ. ದೊರೆಗಳ ಸಾಲಿನಿಂದ ಈ ಊರಿನ ಬಗ್ಗೆ ಹೆಚ್ಚು ತಿಳಿಯುವುದಿಲ್ಲ. ತಿಳಿಯುವುದು ಅವರು ಕಟ್ಟಿಸಿದ ಗುಡಿಗಳಿಂದ.

ಗುಡಿಗಳ ನಡುವಿನ ಊರು

ನಕ್ಷೆಯಲ್ಲಿ ಶಿವಾರಪಟ್ಟಣದ ಸುತ್ತ ಕಣ್ಣಾಡಿಸಿ. ಕೋಲಾರದಲ್ಲಿ ಚೋಳರ ಕೋಲಾರಮ್ಮ, ವಿಜಯನಗರದ ಕುಸುರಿಯ ಕಲ್ಯಾಣ ಮಂಟಪವುಳ್ಳ ಸೋಮೇಶ್ವರ. ಮುಳಬಾಗಿಲಿನ ಬಳಿಯ ಆವನಿಯಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಗುಂಪು. ಕುರುಡುಮಲೆಯಲ್ಲಿ ಆಳೆತ್ತರ ಮೀರಿದ ಏಕಶಿಲೆಯ ಗಣಪತಿ. ಟೇಕಲ್ಲಿನಲ್ಲಿ ವರದರಾಜ. ಉತ್ತರಕ್ಕೆ ನಂದಿಯಲ್ಲಿ ಭೋಗನಂದೀಶ್ವರ. ಸಾವಿರ ವರ್ಷ ಒಂದಲ್ಲ ಒಂದು ಕಡೆ ಗುಡಿ ಏಳುತ್ತಲೇ ಇದ್ದ ಸೀಮೆ ಇದು. ಕೆಲಸಗಾರರಿಗೆ ಇಲ್ಲಿ ಕೆಲಸದ ಬರ ಬಂದದ್ದು ಕಡಿಮೆ.

ಕುರುಡುಮಲೆಯ ಸೋಮೇಶ್ವರ ಗುಡಿಯ ಬಗ್ಗೆ ಒಂದು ಕಥೆಯಿದೆ: ಅರ್ಧ ಕಟ್ಟಿದವನು ಜಕಣಾಚಾರಿ, ಉಳಿದರ್ಧ ಅವನ ಮಗ ಡಂಕಣ. ತುಮಕೂರಿನ ಬಳಿಯ ಕೈದಾಳಕ್ಕೂ ಜಕಣಾಚಾರಿಯ ಕಥೆ ಅಂಟಿಕೊಂಡಿದೆ. 2021ರಿಂದ ರಾಜ್ಯ ಸರ್ಕಾರ ಜನವರಿ 1ನ್ನು ಅಮರಶಿಲ್ಪಿ ಜಕಣಾಚಾರಿಯ ಸಂಸ್ಮರಣಾ ದಿನವಾಗಿ ಆಚರಿಸುತ್ತಿದೆ. ಕಥೆ ಸಿಕ್ಕ ಊರುಗಳಿಗೆ ಪ್ರವಾಸಿಗರು ಸಿಕ್ಕರು. ಶಿವಾರಪಟ್ಟಣಕ್ಕೆ ಅಂಥ ಕಥಾನಾಯಕನಿಲ್ಲ, ಇರುವುದು ಕೆಲಸ. ನನಗೇನೋ ಶಿವಾರಪಟ್ಟಣದ ಪಾಲೇ ಗಟ್ಟಿ ಅನಿಸುತ್ತದೆ.

ಇಲ್ಲಿನ ಶಿಲ್ಪಿ ಮನೆತನಗಳು ತಮ್ಮ ಪೀಳಿಗೆಯನ್ನು ಗಂಗರ ಕಾಲದವರೆಗೆ ಒಯ್ಯುತ್ತವೆ. ಇದನ್ನು ಮನೆತನದ ನೆನಪೆಂದು ಗೌರವಿಸಬೇಕು, ಶಾಸನದಂತೆ ಓದಬಾರದು. ವಿಶ್ವಕರ್ಮರಲ್ಲಿ ಕಬ್ಬಿಣ, ಮರ, ಕಂಚು, ಕಲ್ಲು, ಚಿನ್ನ ಎಂದು ಐದು ಕಸುಬುಗಳು. ಶಿವಾರಪಟ್ಟಣದಲ್ಲಿ ಕಲ್ಲು ಮುಖ್ಯ. ಲೋಹದ ಎರಕ, ಮರದ ಕೆತ್ತನೆಯೂ ನಡೆಯುತ್ತವೆ. ಮೊದಲು ಅಪ್ಪನಿಂದ ಮಗನಿಗೆ ಮಾತ್ರ ಇಳಿಯುತ್ತಿದ್ದ ಕೆಲಸ ಈಗ ಹಾಗಿಲ್ಲ. ಬೇರೆ ಬೇರೆ ಸಮುದಾಯದ ಹುಡುಗರೂ ಶೆಡ್ಡುಗಳಲ್ಲಿ ಕೂತು ಉಳಿ ಹಿಡಿದಿದ್ದಾರೆ.

ಕಲ್ಲು ದೇವರಾಗುವ ಬಗೆ

ಮೊದಲು ಕಲ್ಲಿನ ಪರೀಕ್ಷೆ. ಶಿಲ್ಪಶಾಸ್ತ್ರ ಕಲ್ಲನ್ನು ಗಂಡು, ಹೆಣ್ಣು, ನಪುಂಸಕ ಎಂದು ವಿಂಗಡಿಸುತ್ತದೆ. ಸುತ್ತಿಗೆಯಲ್ಲಿ ತಟ್ಟಿದಾಗ ಗಂಟೆಯಂತೆ ಮೊಳಗಿದರೆ ಗಂಡು ಕಲ್ಲು, ದೇವರ ಮೂರ್ತಿಗೆ. ದನಿ ಮೆದುವಾದರೆ ಹೆಣ್ಣು, ದೇವಿಗೂ ಪೀಠಕ್ಕೂ. ಸದ್ದೇ ಬಾರದಿದ್ದರೆ ತಳಪಾಯಕ್ಕೆ. ಕೇಳಲು ನಂಬಿಕೆಯ ಮಾತಿನಂತಿದ್ದರೂ ಇದರೊಳಗೆ ವ್ಯವಹಾರ ಜ್ಞಾನವಿದೆ. ಒಳಗೆ ಬಿರುಕಿದ್ದ ಕಲ್ಲು ಮೊಳಗುವುದಿಲ್ಲ. ತಿಂಗಳುಗಟ್ಟಲೆ ಕೆತ್ತಿದ ಮೇಲೆ ಮೂಗಿನ ಬಳಿ ಸೀಳು ಕಂಡರೆ ಅಷ್ಟೂ ಕೂಲಿ ಮಣ್ಣುಪಾಲು.

ಆಮೇಲೆ ಅಳತೆ. ಇಲ್ಲಿ ಅಂಗುಲವೆಂದರೆ ಅಂಗಡಿಯ ಟೇಪಿನ ಇಂಚಲ್ಲ, ಮೂರ್ತಿಯ ಮೈಯಿಂದಲೇ ಹುಟ್ಟುವ ಅಳತೆ. ಹನ್ನೆರಡು ಅಂಗುಲಕ್ಕೆ ಒಂದು ತಾಲ. ಅದು ಮುಖದ ಉದ್ದ. ನವತಾಲದ ಮೂರ್ತಿ ಎಂದರೆ 108 ಅಂಗುಲ, ಒಂಬತ್ತು ಮುಖದ ಎತ್ತರ. ಗಿರಾಕಿ 27 ಇಂಚಿನ ಮೂರ್ತಿ ಕೇಳಿದ ಎನ್ನಿ. ಶಿಲ್ಪಿ ಅದನ್ನು 108ರಿಂದ ಭಾಗಿಸುತ್ತಾನೆ; ಅಂಗುಲವೊಂದಕ್ಕೆ ಕಾಲು ಇಂಚು ಬರುತ್ತದೆ. ಅಲ್ಲಿಗೆ ಮುಖ 3 ಇಂಚು ಎಂದು ನಿಕ್ಕಿಯಾಯಿತು. ಕೊರಳು, ಎದೆ, ಹೊಕ್ಕುಳು, ಮಂಡಿ ಎಲ್ಲಿಗೆ ಬರಬೇಕೆಂಬುದು ಈ ಕಾಲು ಇಂಚಿನ ಲೆಕ್ಕದಲ್ಲೇ ಇಳಿಯುತ್ತದೆ. ಬ್ರಹ್ಮ, ವಿಷ್ಣು, ಶಿವರಿಗೆ ಉತ್ತಮ ದಶತಾಲ, ಅಂದರೆ 124 ಅಂಗುಲ. ದೇವಿಯರಿಗೆ ಮಧ್ಯಮ ದಶತಾಲ, 120. ಕುಳ್ಳು ದೇಹದ ಗಣಪತಿಗೆ ಪಂಚತಾಲ. ಅಡಿ ಉದ್ದದ ಗಣಪತಿಯೂ ಆಳೆತ್ತರದ ಗಣಪತಿಯೂ ನೋಡಲು ಒಂದೇ ಎನಿಸುವುದು ಈ ಗಣಿತದಿಂದ.

ಕಲ್ಲಿನ ಮುಖದ ಮೇಲೆ ನಟ್ಟನಡುವೆ ಮೇಲಿನಿಂದ ಕೆಳಕ್ಕೆ ಎಳೆಯುವ ಗೆರೆ ಬ್ರಹ್ಮಸೂತ್ರ. ಎಡಬಲಗಳೆಲ್ಲ ಅದರಿಂದಲೇ ಅಳೆಯಬೇಕು. ಕೆತ್ತುತ್ತ ಹೋದಂತೆ ಗೆರೆ ಅಳಿಸಿಹೋಗುತ್ತದೆ. ಮತ್ತೆ ದಾರ ಹಿಡಿದು ಎಳೆಯುತ್ತಾರೆ. ಮೊದಲು ದಪ್ಪ ಉಳಿಯಲ್ಲಿ ಬೇಡದ್ದನ್ನು ಹೊಡೆದು ಹಾಕುವುದು, ಆಮೇಲೆ ಚಾಣದಲ್ಲಿ ಅವಯವ ಬಿಡಿಸುವುದು, ಕೊನೆಗೆ ಸಣ್ಣ ಉಳಿಗಳಲ್ಲಿ ಆಭರಣ. ಆಮೇಲೆ ನೀರು ಬಿಟ್ಟು ಎಮರಿ ಕಾಗದದಲ್ಲಿ ಉಜ್ಜುವುದು. ಇದು ಹೊಸದಾಗಿ ಸೇರಿದ ಹುಡುಗನ ಪಾಲಿನ ಕೆಲಸ, ಬೆರಳ ತುದಿಯ ಚರ್ಮ ಸವೆಯುವ ಕೆಲಸ. ಉಜ್ಜಿದ ಕೃಷ್ಣಶಿಲೆ ಬೂದುಬಣ್ಣಕ್ಕಿರುತ್ತದೆ; ಎಣ್ಣೆ ಕುಡಿಸಿದಾಗ ಕಪ್ಪಗೆ ಮಿಂಚುತ್ತದೆ. ಗುಡಿಗೆ ಹೋದ ಮೇಲೆ ವರ್ಷಗಟ್ಟಲೆ ಅಭಿಷೇಕವಾಗಿ ಇನ್ನಷ್ಟು ಕಪ್ಪಾಗುತ್ತದೆ.

ಕಣ್ಣು ಕಟ್ಟಕಡೆಗೆ. ಪ್ರತಿಷ್ಠೆಯ ಹೊತ್ತಿಗೆ ಮೂರ್ತಿಯನ್ನು ನೀರಿನಲ್ಲಿ, ಧಾನ್ಯದಲ್ಲಿ ಇರಿಸುವ ವಿಧಿಗಳ ಜೊತೆಗೆ ನೇತ್ರೋನ್ಮೀಲನ ನಡೆಯುತ್ತದೆ. ಶಿಲ್ಪಿ ಕಣ್ಣಿನ ಪಾಪೆಯ ಗೆರೆಯನ್ನು ಆಗ ತೆರೆಯುತ್ತಾನೆ. ಅಲ್ಲಿಗೆ ಅವನ ಕೆಲಸ ಮುಗಿಯಿತು. ಪ್ರಾಣಪ್ರತಿಷ್ಠೆಯಾದ ಮೇಲೆ ಮೂರ್ತಿಯನ್ನು ಮುಟ್ಟುವ ಅಧಿಕಾರ ಅರ್ಚಕನದು. ತಿಂಗಳುಗಟ್ಟಲೆ ಆ ಮೈಯನ್ನು ತೊಡೆಯ ಮೇಲೆ ಹಾಕಿಕೊಂಡು ಉಜ್ಜಿದವನು ಸಂಭಾವನೆ, ಪಂಚೆ, ಶಲ್ಯ ತೆಗೆದುಕೊಂಡು ಗರ್ಭಗುಡಿಯ ಹೊಸ್ತಿಲಿನಿಂದ ಹೊರಗೆ ಬರುತ್ತಾನೆ. ಸಂಪ್ರದಾಯ ಎಂದು ಇದನ್ನು ಎಲ್ಲರೂ ಒಪ್ಪಿಕೊಂಡಿದ್ದಾರೆ. ನನಗೆ ಇದು ಪೂರ್ತಿ ಜೀರ್ಣವಾಗಿಲ್ಲ.

ಮೇಣ ಕರಗಿ ಲೋಹ ಬರುವುದು

ಗುಡಿಯ ಮೂಲಮೂರ್ತಿ ಕಲ್ಲಿನದಾದರೆ ಮೆರವಣಿಗೆಯ ಉತ್ಸವಮೂರ್ತಿ ಪಂಚಲೋಹದ್ದು. ಜೇನುಮೇಣಕ್ಕೆ ರಾಳ ಬೆರೆಸಿ ಮೊದಲು ಮೂರ್ತಿಯನ್ನು ಮೇಣದಲ್ಲೇ ಮಾಡಿ, ಮೇಲೆ ನುಣ್ಣನೆ ಮಣ್ಣು ಮೆತ್ತಿ ಒಣಗಿಸುತ್ತಾರೆ. ಬೆಂಕಿಗೆ ಇಟ್ಟಾಗ ಮೇಣ ಕರಗಿ ಹರಿದುಹೋಗಿ ಒಳಗೆ ಪೊಳ್ಳು ಉಳಿಯುತ್ತದೆ; ಆ ಪೊಳ್ಳಿಗೆ ಕಾಯಿಸಿದ ಲೋಹ ಹೊಯ್ಯುತ್ತಾರೆ. ತಣಿದ ಮೇಲೆ ಅಚ್ಚನ್ನು ಒಡೆಯಲೇಬೇಕಾದ್ದರಿಂದ ಒಂದು ಅಚ್ಚಿಗೆ ಒಂದೇ ಮೂರ್ತಿ. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆದ ಮಾನಸೋಲ್ಲಾಸದಲ್ಲಿ ಈ ವಿಧಾನದ ವಿವರವಿದೆ.

ಯಂತ್ರ, ದೂಳು, ಹೆಸರು

ಈಗ ಟಕಟಕ ಸದ್ದಿಗಿಂತ ಗ್ರೈಂಡರಿನ ಕಿರಿಚಾಟ ಜೋರು. ಒಂದು ವಾರ ಹೊಡೆಯಬೇಕಾಗಿದ್ದ ಕಲ್ಲನ್ನು ಕಟಿಂಗ್ ಬ್ಲೇಡು ಒಂದು ದಿನದಲ್ಲಿ ಬಿಡಿಸುತ್ತದೆ. ಯಂತ್ರದಿಂದ ಕಲೆ ಸತ್ತಿತು ಎಂದು ಮರುಗುವವರು ಹೆಚ್ಚಾಗಿ ಗ್ರೈಂಡರ್ ಹಿಡಿಯದವರು. ಮುಖ, ಬೆರಳು, ತುಟಿಯ ಅಂಚು ಇಂದಿಗೂ ಉಳಿಯ ಕೆಲಸವೇ. ಯಂತ್ರ ನಿಜವಾಗಿ ತಂದ ತೊಂದರೆ ದೂಳು. ಕೈಯಲ್ಲಿ ಹೊಡೆದಾಗ ಚೂರು ಹಾರುತ್ತದೆ. ಯಂತ್ರ ಕೊಯ್ದಾಗ ಹಿಟ್ಟಿನಂಥ ಪುಡಿ ಏಳುತ್ತದೆ. ಗ್ರಾನೈಟಿನ ಜಾತಿಯ ಕಲ್ಲಿನಲ್ಲಿ ಸಿಲಿಕಾ ಹೆಚ್ಚು. ಅದರ ಪುಡಿ ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್, ಅದನ್ನು ಗುಣಪಡಿಸುವ ಔಷಧಿ ಇಲ್ಲ. ನೀರು ಬಿಟ್ಟು ಕೊಯ್ಯುವುದು, ಸರಿಯಾದ ಮಾಸ್ಕು, ದೂಳು ಎಳೆಯುವ ಫ್ಯಾನು, ಇವೇ ಇದಕ್ಕೆ ದಾರಿ. ಮೂಗಿಗೆ ಕಟ್ಟಿದ ಟವಲು ಆ ಪುಡಿಯನ್ನು ತಡೆಯುವುದಿಲ್ಲ.

ಇದೇ ಕಸುಬಿನ ತಮಿಳುನಾಡಿನ ಊರುಗಳಿಗೆ ಸಿಕ್ಕ ಹೆಸರು ಶಿವಾರಪಟ್ಟಣಕ್ಕೆ ಸಿಕ್ಕಿಲ್ಲ. ಮಹಾಬಲಿಪುರದಲ್ಲಿ 1957ರಲ್ಲೇ ಸರ್ಕಾರದ ಶಿಲ್ಪ ತರಬೇತಿ ಶಾಲೆ ಶುರುವಾಗಿ ಮುಂದೆ ಕಾಲೇಜಾಯಿತು. ಅಲ್ಲಿನ ಕಲ್ಲಿನ ಶಿಲ್ಪಕ್ಕೆ 2017ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ಕಂಚಿನ ಮೂರ್ತಿಗೆ ಸ್ವಾಮಿಮಲೈ ಹೆಸರುವಾಸಿ. ಕರ್ನಾಟಕ, ಆಂಧ್ರ, ತಮಿಳುನಾಡಿನ ಗುಡಿಗಳಿಗೂ ವಿದೇಶಕ್ಕೂ ಮೂರ್ತಿ ಕಳಿಸುವ ಶಿವಾರಪಟ್ಟಣದ ಹೆಸರು ಬೆಂಗಳೂರಿನಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಪಕ್ಕದಲ್ಲಿ ಬಂದ ಕಾರ್ಖಾನೆಗಳು

ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ 2013ರಲ್ಲಿ ಹೋಂಡಾ ದ್ವಿಚಕ್ರ ವಾಹನ ಘಟಕ ಶುರುವಾಯಿತು. ಆಮೇಲೆ ವಿಸ್ಟ್ರಾನ್ ಐಫೋನ್ ಜೋಡಿಸುವ ಘಟಕ ತೆರೆಯಿತು. ಅದೀಗ ಟಾಟಾ ಕೈಯಲ್ಲಿದೆ. ಮಾಲೂರು ತಾಲ್ಲೂಕಿನಲ್ಲಿ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಹಾದಿದೆ. ಹೊಸಕೋಟೆಯಿಂದ ಬೇತಮಂಗಲದವರೆಗಿನ 71 ಕಿ.ಮೀ. 2024ರ ಕೊನೆಗೆ ಸಂಚಾರಕ್ಕೆ ತೆರೆಯಿತು. ಹೊಲಗಳ ಬೆಲೆ ಏರಿತು. ಸುತ್ತಲಿನ ಹಳ್ಳಿಗಳ ಹುಡುಗ ಹುಡುಗಿಯರಿಗೆ ಕಂಪನಿ ಬಸ್ಸು ಊರಬಾಗಿಲಿಗೇ ಬರುತ್ತದೆ, ತಿಂಗಳ ಮೊದಲಿಗೆ ಸಂಬಳ ಬ್ಯಾಂಕಿಗೆ ಬೀಳುತ್ತದೆ. ಉಳಿ ಹಿಡಿದವನು ಒಂದು ಮುಖವನ್ನು ಧೈರ್ಯವಾಗಿ ಬಿಡಿಸುವ ಮಟ್ಟಕ್ಕೆ ಬರಲು ವರ್ಷಗಳು ಬೇಕು. ಅಲ್ಲಿಯವರೆಗೆ ಅವನು ಉಜ್ಜುವವನೇ. ಶೆಡ್ಡುಗಳಿಗೆ ಎಳೆಯರು ಸಿಗುವುದು ಕಷ್ಟವಾಗಿದ್ದರೆ ಅದಕ್ಕೆ ಅವರ ಆಸಕ್ತಿಯನ್ನು ದೂರಬೇಕಿಲ್ಲ. ಕಲಿಯುವ ವರ್ಷಗಳಲ್ಲಿ ಹೊಟ್ಟೆಗೇನು ಎಂಬ ಪ್ರಶ್ನೆಯನ್ನು ನೋಡಬೇಕು.

ಮೂರ್ತಿ ಮಾಡಿಸುವವರಿಗೆ

ಇಲ್ಲಿಗೆ ಬರುವವರಲ್ಲಿ ಪ್ರವಾಸಿಗರಿಗಿಂತ ಗುಡಿ ಸಮಿತಿಯವರೇ ಹೆಚ್ಚು. ಅವರು ತರಬೇಕಾದ್ದು ಎರಡು ಅಳತೆ: ಗರ್ಭಗುಡಿಯ ಒಳ ಅಳತೆ ಮತ್ತು ಬಾಗಿಲಿನ ಎತ್ತರ. ಆಗಮದ ಪ್ರಕಾರ ಮೂರ್ತಿಯ ಎತ್ತರ ನಿಕ್ಕಿಯಾಗುವುದು ಇವುಗಳ ಮೇಲೆ. ಹೊರಗಿನಿಂದ ದರ್ಶನಕ್ಕೆ ನಿಂತವನ ಕಣ್ಣಿಗೆ ಕಿರೀಟ ಬಾಗಿಲಿನ ಮೇಲ್ಪಟ್ಟಿಯಲ್ಲಿ ಮರೆಯಾಗಬಾರದು, ಪೀಠವೂ ಸೇರಿ ಲೆಕ್ಕ ಬರಬೇಕು. ಮೊಬೈಲಿನಲ್ಲಿ ತಂದ ಫೋಟೊ ತೋರಿಸಿ ಇದೇ ಥರ ಬೇಕು ಎನ್ನುವವರು ಬಹಳ. ಶಿಲ್ಪಿ ಫೋಟೊ ನೋಡಿ, ಯಾವ ದೇವರು, ಎಷ್ಟು ಕೈ, ಯಾವ ಕೈಯಲ್ಲಿ ಏನು, ನಿಂತದ್ದೋ ಕೂತದ್ದೋ ಎಂದು ಕೇಳಿ, ಆಮೇಲೆ ಬಾಗಿಲು ಎಷ್ಟಡಿ ಎನ್ನುತ್ತಾನೆ. ಅಲ್ಲಿಗೆ ಅರ್ಧ ಸಮಿತಿಗಳು ಊರಿಗೆ ಫೋನ್ ಮಾಡಿ ಟೇಪು ಹಿಡಿಸುತ್ತವೆ.